ಗಂಡುನಾಯಿಯ ಬೀಜ ತೆಗೆಸುವ ಮುನ್ನ

ಕೇಳುಗರಿಗೆ ನಮಸ್ಕಾರ.

ಕಾರ್ತಿಕ ಬಂತೆಂದರೆ ನಮ್ಮ ಕಲಬುರಗಿ ಕಡೆಯ ದನದ ದವಾಖಾನೆಗಳಲ್ಲಿ ಒಂದೇ ಥರದ ದೂರು. "ಸಾಹೇಬ್ರ, ನಾಯಿ ಎರಡು ದಿನದಿಂದ ರೊಟ್ಟಿ ಮುಟ್ಟಿಲ್ರಿ. ರಾತ್ರಿಯೆಲ್ಲಾ ಊಳಿಡ್ತದ. ನಿನ್ನಿ ಸರಪಳಿ ಹರಕೊಂಡು ಹೋಗಿತ್ತು, ಮುಂಜಾನಿ ಕಿವಿ ಕಡಿಸಿಕೊಂಡು ಬಂದದ." ನಾಯಿಗೆ ರೋಗವೇನೂ ಇಲ್ಲ. ಓಣಿಯಲ್ಲಿ ಎಲ್ಲೋ ಒಂದು ಹೆಣ್ಣುನಾಯಿ ಬೆದೆಗೆ ಬಂದಿರುತ್ತದೆ, ಅಷ್ಟೇ. ಬೆದೆ ಸುಮಾರು 3 ವಾರ ಇರುತ್ತದೆ, ಅಷ್ಟೂ ದಿನ ಈ ಗಲಾಟೆ ತಪ್ಪಿದ್ದಲ್ಲ. ಆಗ ಮನೆಯವರು ಕೇಳುವ ಮಾತು: ಇದರ ಬೀಜ ತೆಗೆಸಿಬಿಟ್ಟರೆ ಹೇಗೆ?

ಒಳ್ಳೆಯ ಪ್ರಶ್ನೆಯೇ. ಆದರೆ ಕೇಳಬೇಕಾದದ್ದು ಸರಪಳಿ ಹರಿದ ದಿನವಲ್ಲ. ಯಾವ ಕಾರಣಕ್ಕೆ ತೆಗೆಸುತ್ತೇವೆ ಎನ್ನುವುದು ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು. ಯಾಕೆಂದರೆ ಕೆಲವು ಕಾರಣಗಳಿಗೆ ಈ ಆಪರೇಷನ್ ಚೆನ್ನಾಗಿ ಕೆಲಸ ಮಾಡುತ್ತದೆ, ಕೆಲವಕ್ಕೆ ಏನೂ ಮಾಡುವುದಿಲ್ಲ.

ಬೀಜ ಎರಡು ಕೆಲಸ ಮಾಡುತ್ತದೆ. ಒಂದು, ವೀರ್ಯ ತಯಾರಿಸುವುದು. ಎರಡು, ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುವುದು. ಬೀಜ ತೆಗೆದರೆ ಎರಡೂ ನಿಲ್ಲುತ್ತವೆ. ಹೆಣ್ಣು ಹುಡುಕಿಕೊಂಡು ಓಡಿಹೋಗುವುದು, ಅದರ ಸಲುವಾಗಿ ಬೇರೆ ಗಂಡುಗಳ ಜೊತೆ ಕಚ್ಚಾಡುವುದು, ಕಂಬ, ಬೈಕಿನ ಗಾಲಿ, ಸೋಫಾದ ಕಾಲು ಕಂಡಲ್ಲೆಲ್ಲಾ ಕಾಲೆತ್ತುವುದು, ಮಂದಿಯ ಕಾಲ ಮೇಲೆ ಏರುವುದು, ಇವೆಲ್ಲ ಆ ಹಾರ್ಮೋನಿನ ಕಾರುಬಾರು. ಹೆಚ್ಚಿನ ನಾಯಿಗಳಲ್ಲಿ ಇವು ಇಳಿಯುತ್ತವೆ. ಮರುದಿನವೇ ಅಲ್ಲ, ವಾರಗಳು, ಕೆಲವಕ್ಕೆ ತಿಂಗಳುಗಳೇ ಬೇಕು. ವರ್ಷಗಟ್ಟಲೆ ಮಾಡಿ ರೂಢಿಯಾಗಿದ್ದರೆ ಪೂರ್ತಿ ಹೋಗದೆಯೂ ಇರಬಹುದು.

ಇನ್ನು ಕಚ್ಚುವ ವಿಷಯ. ಬಂದವರನ್ನೆಲ್ಲ ಕಚ್ಚುತ್ತದೆ, ಬೀಜ ತೆಗೆಸಿದರೆ ಸಾಧು ಆಗುತ್ತದೆ ಎಂದುಕೊಂಡು ಬರುವವರು ಬಹಳ. ನಾಯಿ ಯಾಕೆ ಕಚ್ಚುತ್ತದೆ ಎಂದು ನೋಡಬೇಕು. ಮರಿಯಿದ್ದಾಗ ಹೊರಗಿನ ಮಂದಿಯನ್ನೇ ಕಾಣದೆ ಬೆಳೆದದ್ದು, ಹೊಡೆತ ತಿಂದದ್ದು, ದಿನವಿಡೀ ಗಿಡ್ಡ ಸರಪಳಿಯಲ್ಲಿ ಇದ್ದದ್ದು ಅಂಜಿ ಕಚ್ಚುತ್ತದೆ. ಅಂಜಿಕೆ ಬೀಜದಲ್ಲಿಲ್ಲ. ಅಂಥ ನಾಯಿಗೆ ಆಪರೇಷನ್ ಮಾಡಿಸಿದರೆ ಕಚ್ಚುವುದು ನಿಲ್ಲುವುದಿಲ್ಲ, ಕೆಲವು ಮತ್ತಷ್ಟು ಪುಕ್ಕಲಾಗುವುದೂ ಉಂಟು. ಹಾಗೆಯೇ ಹೊಲದ ಮನೆಯವರ ಚಿಂತೆ: ತೊಗರಿ ರಾಶಿಯ ಹೊತ್ತಿಗೆ ಕಾವಲು ಕಾಯುತ್ತದೋ ಇಲ್ಲವೋ? ಕಾಯುತ್ತದೆ. ತನ್ನ ಜಾಗ, ತನ್ನ ಮಂದಿ ಎನ್ನುವುದು ಬೀಜದ ಜೊತೆ ಹೋಗುವಂಥದ್ದಲ್ಲ. ಹೆಣ್ಣಿನ ಬೆನ್ನುಹತ್ತಿ ಹೋಗದೆ ರಾತ್ರಿ ಮನೆಯಲ್ಲೇ ಇರುವ ನಾಯಿಯೇ ಕಾವಲಿಗೆ ಮೇಲು. ಒಂದು ಸಲ ಹೆಣ್ಣು ಕೂಡಿಸಿದರೆ ತಣ್ಣಗಾಗುತ್ತದೆ ಎನ್ನುವ ಮಾತಂತೂ ಪೂರಾ ಸುಳ್ಳು.

ಈಗ ಆರೋಗ್ಯದ ಕಡೆಗೆ ಬರೋಣ. ನಾನು ಹೆಚ್ಚು ತೂಕ ಕೊಡುವುದು ಇದಕ್ಕೇ.

ಮನೆಯಲ್ಲಿ ಇವತ್ತೇ ಒಂದು ಕೆಲಸ ಮಾಡಿ. ನಾಯಿ ನಿಂತಿರುವಾಗ ಹಿಂದಿನಿಂದ ಮೆಲ್ಲಗೆ ಬೀಜದ ಚೀಲ ಮುಟ್ಟಿ ಎಣಿಸಿ. ಎರಡಿರಬೇಕು. ಮರಿಗೆ 2 ತಿಂಗಳಾಗುವಷ್ಟರಲ್ಲಿ ಸಾಮಾನ್ಯವಾಗಿ ಎರಡೂ ಕೆಳಗಿಳಿದಿರುತ್ತವೆ. 6 ತಿಂಗಳಾದರೂ ಒಂದೇ ಸಿಕ್ಕಿತೆಂದರೆ ಇನ್ನೊಂದು ತೊಡೆಸಂದಿಯಲ್ಲೋ ಹೊಟ್ಟೆಯೊಳಗೋ ನಿಂತುಬಿಟ್ಟಿದೆ ಎಂದರ್ಥ. ಇಂಥ ನಾಯಿಯ ವಿಷಯದಲ್ಲಿ ಮಾಡಿಸಬೇಕೋ ಬೇಡವೋ ಎಂಬ ಚರ್ಚೆಯೇ ಇಲ್ಲ, ಮಾಡಿಸಲೇಬೇಕು. ಮೈಯ ಕಾವಿನಲ್ಲಿ ಒಳಗೇ ಉಳಿದ ಬೀಜದಲ್ಲಿ ಗಡ್ಡೆ ಬೆಳೆಯುವ ಸಂಭವ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು; ಅದು ಹೊರಳಿ ತಿರುಚಿಕೊಳ್ಳಲೂಬಹುದು. ಇಲ್ಲಿ ಆಗುವ ಒಂದು ತಪ್ಪು: ಕಾಣುವ ಬೀಜವನ್ನಷ್ಟೇ ತೆಗೆದು ಕಳಿಸುವುದು. ಒಳಗಿನದು ಹಾರ್ಮೋನು ಬಿಡುತ್ತಲೇ ಇರುತ್ತದೆ, ನಾಯಿ ಹಾಗೇ ಓಡಾಡುತ್ತಲೇ ಇರುತ್ತದೆ, ಗಡ್ಡೆಯ ಅಪಾಯವೂ ಹಾಗೇ ಉಳಿಯುತ್ತದೆ. ಎರಡನ್ನೂ ತೆಗೆಯುತ್ತೀರಾ ಎಂದು ಮೊದಲೇ ಕೇಳಿ. ಒಳಗಿನದನ್ನು ಹುಡುಕಲು ಸ್ಕ್ಯಾನಿಂಗ್ ಬೇಕಾಗಬಹುದು, ಹೊಟ್ಟೆ ತೆರೆಯಬೇಕಾಗಬಹುದು. ಊರಲ್ಲಿ ಆಗದಿದ್ದರೆ ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿಗೆ ಬರೆಸಿಕೊಂಡು ಹೋಗುವುದು ಒಳ್ಳೆಯದು. ಇಂಥ ನಾಯಿ ಎಷ್ಟೇ ದುಬಾರಿ ಜಾತಿಯದಿರಲಿ, ಅದರಿಂದ ಮರಿ ಮಾಡಿಸಬೇಡಿ. ಈ ಊನ ವಂಶದಲ್ಲಿ ಇಳಿಯುತ್ತದೆ.

ಎರಡನೆಯದು ಪ್ರಾಸ್ಟೇಟ್ ಗ್ರಂಥಿ. ಬೀಜವಿರುವ ನಾಯಿಗೆ 5 ವರ್ಷ ದಾಟಿದ ಮೇಲೆ ಈ ಗ್ರಂಥಿ ದೊಡ್ಡದಾಗುವುದು ತೀರಾ ಸಾಮಾನ್ಯ. ಅದು ದೊಡ್ಡದಾದರೆ ಮಲದ ಕರುಳನ್ನು ಒತ್ತುತ್ತದೆ. ನಾಯಿ ಮುಕ್ಕರಿಯುತ್ತದೆ, ಮಲ ಪಟ್ಟಿಯಂತೆ ಚಪ್ಪಟೆಯಾಗಿ ಬೀಳುತ್ತದೆ, ಶಿಶ್ನದ ತುದಿಯಿಂದ ರಕ್ತದ ಹನಿ ಬೀಳಬಹುದು. ಬೀಜ ತೆಗೆದರೆ ಗ್ರಂಥಿ ಕೆಲವೇ ವಾರಗಳಲ್ಲಿ ಕುಗ್ಗುತ್ತದೆ. ಹೀಗಾಗಿ ವಯಸ್ಸಾಯಿತು, ಇನ್ನೇಕೆ ಎನ್ನುವ ಮಾತು ನಿಲ್ಲುವುದಿಲ್ಲ. 8 ವರ್ಷದ ನಾಯಿಗೂ ರಕ್ತಪರೀಕ್ಷೆ ಸರಿಯಿದ್ದರೆ ಮಾಡಬಹುದು. ಅದೇ ಗ್ರಂಥಿಯ ಕ್ಯಾನ್ಸರನ್ನು ಮಾತ್ರ ಈ ಆಪರೇಷನ್ ತಡೆಯುವುದಿಲ್ಲ. ಅದು ಅಪರೂಪದ್ದು, ಬೀಜ ತೆಗೆದ ನಾಯಿಗಳಲ್ಲೇ ಸ್ವಲ್ಪ ಹೆಚ್ಚು ಕಂಡಿದೆ.

ಮೂರನೆಯದು ನಮ್ಮ ಓಣಿಗಳದ್ದೇ ಕಾಯಿಲೆ. ಕೂಡುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಅಂಟುವ ಗಡ್ಡೆ, ಡಾಕ್ಟರರು ಟಿವಿಟಿ ಎನ್ನುತ್ತಾರೆ. ಜೀವಂತ ಗಡ್ಡೆಯ ಕಣಗಳೇ ಹೋಗಿ ನಾಟಿಕೊಳ್ಳುತ್ತವೆ. ಶಿಶ್ನದ ಮೇಲಿನ ಚರ್ಮದ ಒರೆ ಹಿಂದೆ ಸರಿಸಿ ನೋಡಿದರೆ ಹೂಕೋಸಿನಂತೆ ಕೆಂಪಗೆ ಉಬ್ಬಿರುತ್ತದೆ, ರಕ್ತ ತೊಟ್ಟಿಕ್ಕುತ್ತಿರುತ್ತದೆ. ಮನೆಯವರು ಹೀಟ್ ಆಗ್ಯಾದ ಎಂದು ಮಜ್ಜಿಗೆ ಕುಡಿಸುತ್ತಾ ತಿಂಗಳು ಕಳೆಯುತ್ತಾರೆ. ಇದಕ್ಕೆ ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ನನ್ನು ವಾರಕ್ಕೊಂದರಂತೆ ಸಾಮಾನ್ಯವಾಗಿ 4ರಿಂದ 6 ಸಲ ನರಕ್ಕೆ ಕೊಡಬೇಕು. ನರದ ಹೊರಗೆ ಸೋರಿದರೆ ಆ ಜಾಗದ ಮಾಂಸವೇ ಕೊಳೆಯುತ್ತದೆ. ಬಿಟ್ಟು ಸಾಕುವ ನಾಯಿಗೆ ಈ ಅಪಾಯ ಎದುರಿಗೇ ಇದೆ. ಗೇಟಿನೊಳಗೇ ಇದ್ದು, ಹಗ್ಗ ಹಿಡಿದುಕೊಂಡೇ ಹೊರಗೆ ಹೋಗುವ ನಾಯಿಗೆ ಬಹಳ ಕಡಿಮೆ.

ಹಾಗಾದರೆ ಯಾವ ವಯಸ್ಸಿಗೆ? ಇಲ್ಲಿ ಎಲ್ಲ ನಾಯಿಗೂ ಒಂದೇ ಲೆಕ್ಕ ಹಾಕುವುದು ತಪ್ಪು. ಎಲುಬಿನ ತುದಿಯ ಬೆಳವಣಿಗೆ ಪಟ್ಟಿಗಳು ಮುಚ್ಚಿಕೊಳ್ಳಲು ಇದೇ ಹಾರ್ಮೋನು ಸೂಚನೆ ಕೊಡುತ್ತದೆ. ಬೇಗ ತೆಗೆದರೆ ಎಲುಬು ಬೇಕಾದ್ದಕ್ಕಿಂತ ಉದ್ದ ಬೆಳೆಯುತ್ತದೆ, ಕೀಲಿನ ಲೆಕ್ಕ ತಪ್ಪುತ್ತದೆ. ಪೊಮೇರಿಯನ್, ಪಗ್, ನಮ್ಮ ಸಣ್ಣ ನಾಟಿ ನಾಯಿಗಳಲ್ಲಿ ಇದು ಅಷ್ಟಾಗಿ ತೊಂದರೆ ಕೊಡುವುದಿಲ್ಲ. 6ರಿಂದ 9 ತಿಂಗಳಿಗೆ ಮಾಡಿಸಬಹುದು. ಜರ್ಮನ್ ಶೆಫರ್ಡ್, ರಾಟ್‌ವೀಲರ್‌ನಂಥ ಭಾರಿ ನಾಯಿಗಳಿಗೆ ಬೆಳವಣಿಗೆ ಮುಗಿಯುವ ತನಕ, ಅಂದರೆ 12ರಿಂದ 18 ತಿಂಗಳು, ಶೆಫರ್ಡ್‌ಗೆ 2 ವರ್ಷವಾದರೂ ಸರಿ, ಕಾಯಿರಿ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 35 ಜಾತಿಗಳ ದಾಖಲೆ ತೆಗೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಜಾತಿಯಿಂದ ಜಾತಿಗೆ ಈ ವ್ಯತ್ಯಾಸ ಕಂಡಿದೆ.

ಹೋರಿಯ ಬೀಜ ಒಡೆಯುವುದನ್ನು ನೋಡಿದವರಿಗೆ ಒಂದು ಮಾತು. ಹೋರಿಗೆ ಬರ್ಡಿಜೋ ಇಕ್ಕಳದಿಂದ ಹೊರಗಿನಿಂದಲೇ ನರ ಜಜ್ಜುತ್ತಾರೆ. ನಾಯಿಗೆ ಅದು ಸಲ್ಲದು. ರಬ್ಬರು, ದಾರ ಕಟ್ಟುವ ಹಳ್ಳಿ ಉಪಾಯವಂತೂ ನಾಯಿಯ ಜೀವವನ್ನೇ ತೆಗೆದೀತು. ನಾಯಿಗೆ ಪೂರ್ತಿ ಪ್ರಜ್ಞೆ ತಪ್ಪುವ ಮತ್ತಿನ ಔಷಧ ಕೊಟ್ಟು, ಬೀಜದ ಚೀಲದ ಸ್ವಲ್ಪ ಮುಂದೆ ಒಂದೇ ಕಡೆ ಚರ್ಮ ಕೊಯ್ದು, ಒಂದೊಂದೇ ಬೀಜವನ್ನು ಮುಂದಕ್ಕೆ ತಳ್ಳಿ ಹೊರಗೆ ತೆಗೆದು, ರಕ್ತನಾಳವನ್ನು ದಾರದಿಂದ ಬಿಗಿದು ಕತ್ತರಿಸುತ್ತಾರೆ. ಚೀಲ ಹಾಗೇ ಉಳಿಯುತ್ತದೆ, ಆಮೇಲೆ ಕುಗ್ಗುತ್ತದೆ.

ಆಪರೇಷನ್ನಿಗೆ ಮೊದಲು ರಕ್ತಪರೀಕ್ಷೆ ಬಿಡಬೇಡಿ. ನಮ್ಮ ಕಡೆ ಉಣ್ಣಿ ಕಾಟ ಹೆಚ್ಚು. ಕಲ್ಲುಗೋಡೆಯ ಸಂದಿನಲ್ಲಿ ಅಡಗಿದ್ದು, ನಾಯಿಯ ಮೈಗೆ ಹತ್ತುತ್ತವೆ. ಉಣ್ಣಿಜ್ವರ ಇರುವ ನಾಯಿ ಮೇಲ್ನೋಟಕ್ಕೆ ಚೆನ್ನಾಗೇ ಇರಬಹುದು, ಆದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಿರುತ್ತದೆ. ಸಾಮಾನ್ಯವಾಗಿ 2 ಲಕ್ಷದ ಮೇಲಿರಬೇಕು. ಬಹಳ ಕೆಳಗಿದ್ದರೆ ಮೊದಲು ಜ್ವರಕ್ಕೆ ಔಷಧ, ಆಮೇಲೆ ಆಪರೇಷನ್. ಜೊತೆಗೆ ಕಿಡ್ನಿ, ಲಿವರ್ ಪರೀಕ್ಷೆ. ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ಉಸಿರಿನ ನಳಿಕೆ ಹಾಕುತ್ತೀರಾ ಎಂದು ಕೇಳಿ. ಮುಧೋಳ ನಾಯಿಯಾದರೆ ಅದನ್ನೂ ಎತ್ತಿ ಹೇಳಿ. ಮೈಯಲ್ಲಿ ಕೊಬ್ಬಿಲ್ಲದ ಓಟದ ನಾಯಿಗಳಿಗೆ ಕೆಲವು ಮತ್ತಿನ ಔಷಧ ಬೇಗ ಇಳಿಯುವುದಿಲ್ಲ.

ಹಿಂದಿನ ರಾತ್ರಿ 9ರ ಮೇಲೆ ಊಟ ಬಂದ್. ನೀರು ಮನೆಯಿಂದ ಹೊರಡುವ ತನಕ ಇರಲಿ. ತೀರಾ ಚಿಕ್ಕ ಮರಿಗೆ ಇಷ್ಟು ಉಪವಾಸ ಬೇಡ, ಡಾಕ್ಟರ್ ಹೇಳಿದಷ್ಟು ಸಾಕು. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ, ಮುಖ್ಯವಾಗಿ ಅಜ್ಜಿಗೆ. ಪಾಪ, ಹಸಿದಾದ ಎಂದು ಮುಂಜಾನೆ ಹಾಲಲ್ಲಿ ಅದ್ದಿ ಕೊಟ್ಟ ಒಂದು ತುಂಡು ರೊಟ್ಟಿ ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ.

ಮನೆಗೆ ತಂದ ಮೇಲೆ ಫರಸಿ ಮೇಲೆ ಬರಿದೇ ಮಲಗಿಸಬೇಡಿ. ಶಹಾಬಾದ್ ಕಲ್ಲು ಬೇಸಿಗೆಗೆ ಹಿತ, ಆದರೆ ಮತ್ತಿನಲ್ಲಿರುವ ನಾಯಿಯ ಮೈ ಮೊದಲೇ ತಣ್ಣಗಾಗಿರುತ್ತದೆ. ಹಳೆಯ ಕೌದಿ ಹಾಸಿ, ಕಟ್ಟೆಯ ಮೇಲಲ್ಲ, ನೆಲದ ಮೇಲೆ. ಸರಿಯಾಗಿ ಎದ್ದು ನಿಂತ ಮೇಲೆ ಸ್ವಲ್ಪ ನೀರು, ರಾತ್ರಿ ಮಾಮೂಲಿನ ಕಾಲು ಭಾಗ ಊಟ. 24 ಗಂಟೆಯೊಳಗೆ ಮೂತ್ರ ಮಾಡಬೇಕು. ಮಲ 2 ದಿನ ಆಗದಿದ್ದರೂ ಗಾಬರಿ ಬೇಡ.

ಖಾಲಿ ಚೀಲ 2–3 ದಿನ ಊದಿಕೊಂಡಿರುತ್ತದೆ. ಬೀಜ ತೆಗೆದೇ ಇಲ್ಲ ಎಂದು ಜಗಳಕ್ಕೆ ಹೋದವರಿದ್ದಾರೆ! ಮೆತ್ತಗಿದ್ದು ದಿನದಿನಕ್ಕೆ ಇಳಿಯುತ್ತಿದ್ದರೆ ಸರಿ. ಬದನೆಕಾಯಿಯಂತೆ ಕಪ್ಪಗೆ, ಬಿಗಿಯಾಗಿ, ತಾಸು ತಾಸಿಗೆ ದೊಡ್ಡದಾಗುತ್ತಿದ್ದರೆ ಒಳಗೆ ಬಿಗಿದ ದಾರ ಜಾರಿ ರಕ್ತ ಕೂಡುತ್ತಿದೆ, ತಕ್ಷಣ ದವಾಖಾನೆಗೆ ಒಯ್ಯಿರಿ. ಒಸಡು ಬಿಳುಚಿದ್ದರೆ ರಾತ್ರಿಯಾದರೂ ತಡ ಮಾಡಬೇಡಿ. ನೋವಿಗೆ ನಾಯಿಯ ಡಾಕ್ಟರ್ ಬರೆದದ್ದನ್ನಷ್ಟೇ ಕೊಡಿ. ಮನೆಯ ಡಬ್ಬಿಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾವುದೂ ಬೇಡ. ಲಿವರ್, ಹೊಟ್ಟೆ, ಕಿಡ್ನಿ ಕೆಡುತ್ತವೆ.

ಹೊಲಿಗೆ ಬಿಚ್ಚಿಕೊಳ್ಳುವುದಕ್ಕೆ ದೊಡ್ಡ ಕಾರಣ ನಾಯಿಯ ನಾಲಿಗೆ. ಕೊರಳಿಗೆ ಪ್ಲಾಸ್ಟಿಕ್ ಲಾಳಿಕೆಯಂಥ ಕಾಲರ್ ಹಾಕುತ್ತಾರಲ್ಲ, ಅದರ ಅಂಚು ಮೂಗಿನಿಂದ ಎರಡು–ಮೂರು ಬೆರಳು ಮುಂದಿರಬೇಕು. ಸಿಗದಿದ್ದರೆ ಹಳೆಯ ಪ್ಲಾಸ್ಟಿಕ್ ಬಕೀಟಿನ ತಳ ಕೊಯ್ದು, ಕೊಯ್ದ ಅಂಚಿಗೆ ಬಟ್ಟೆ ಹೊಲಿದು, ತೂತು ಮಾಡಿ ಪಟ್ಟಿಗೆ ಕಟ್ಟಿ. 10ರಿಂದ 14 ದಿನ, ರಾತ್ರಿಯೂ ಇರಲಿ. ಸ್ನಾನ, ಜಿಗಿತ, ಓಟ ಬೇಡ. ಗಾಯಕ್ಕೆ ಅರಿಶಿಣ, ಬೂದಿ, ಫಿನಾಯಿಲ್ ಹಚ್ಚಬೇಡಿ. ಒಣಗಿ, ಸ್ವಚ್ಛವಾಗಿದ್ದರೆ ಸಾಕು. ಒದ್ದೆಯಾಗಿ ವಾಸನೆ ಬಂದರೆ ನೊಣ ಕೂತು ಹುಳ ಬೀಳುತ್ತವೆ.

ಇನ್ನು ರೊಟ್ಟಿ. ಆಪರೇಷನ್ ಆದ ನಾಯಿಗೆ ಮೈಯ ಶಕ್ತಿಯ ಖರ್ಚು ಕಡಿಮೆ, ಹಸಿವು ಹೆಚ್ಚು. ಊಟ ಸುಮಾರು ಕಾಲು ಭಾಗ ಇಳಿಸಬೇಕು: ದಿನಕ್ಕೆ ನಾಲ್ಕು ಜೋಳದ ರೊಟ್ಟಿ ತಿನ್ನುತ್ತಿದ್ದರೆ ಮೂರು. ತಿಂಗಳಿಗೊಮ್ಮೆ ಹಿಟ್ಟಿನ ಗಿರಣಿಯ ಕಾಟಾದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಕೈಯಾಡಿಸಿದರೆ ಪಕ್ಕೆಲುಬು ಬೆರಳಿಗೆ ಸಿಗಬೇಕು. ದಪ್ಪಗಾಯಿತು ಎಂದು ಆಪರೇಷನ್ನನ್ನು ಬೈಯುವವರ ಮನೆಯಲ್ಲಿ ನಾಯಿಯ ತಾಟು ಮಾತ್ರ ಮೊದಲಿನಷ್ಟೇ ತುಂಬಿರುತ್ತದೆ.

ಓಣಿಯಲ್ಲಿ ಮರಿಗಳ ಹಿಂಡು ಕಡಿಮೆಯಾಗಲಿ ಎಂಬುದೇ ನಿಮ್ಮ ಉದ್ದೇಶವಾದರೆ, ಮೊದಲು ಹೆಣ್ಣುನಾಯಿಗೆ ಮಾಡಿಸಿ. ಹತ್ತು ಗಂಡಿನಲ್ಲಿ ಒಂಬತ್ತಕ್ಕೆ ಮಾಡಿಸಿದರೂ ಉಳಿದ ಒಂದು ಸಾಕು.

ಕಾಲ ಯಾವುದು? ಏಪ್ರಿಲ್, ಮೇ ಬೇಡ; 40 ಡಿಗ್ರಿ ದಾಟಿದ ಸೆಕೆಯಲ್ಲಿ ಕೊರಳಿಗೆ ಕಾಲರ್ ಕಟ್ಟಿಕೊಂಡ ನಾಯಿ ಏದುಸಿರು ಬಿಟ್ಟೇ ಸುಸ್ತಾಗುತ್ತದೆ. ದೀಪಾವಳಿ ವಾರವೂ ಬೇಡ, ಪಟಾಕಿಗೆ ಹೆದರಿ ಹಾರಿದರೆ ಹೊಲಿಗೆ ಉಳಿಯುವುದಿಲ್ಲ. ಕಾರ್ತಿಕದ ಗಲಾಟೆ ತಪ್ಪಿಸಲೆಂದೇ ಮಾಡಿಸುವವರು ಇನ್ನೊಂದು ಲೆಕ್ಕ ಹಾಕಬೇಕು. ಬೀಜ ತೆಗೆದರೂ ನಾಳದಲ್ಲಿ ಉಳಿದ ವೀರ್ಯದಿಂದ ಕೆಲವು ವಾರ ಹೆಣ್ಣು ಗಬ್ಬವಾಗಬಹುದು. 6 ವಾರ ಹೆಣ್ಣಿನಿಂದ ದೂರ ಕಟ್ಟಬೇಕು. ಅನಂತ ಚತುರ್ದಶಿಯಿಂದ ದೀಪಾವಳಿ ಅಮಾವಾಸ್ಯೆಗೆ ಸುಮಾರು 45 ದಿನ. ದೊಡ್ಡ ಗಣಪತಿ ಕಳಿಸಿದ ಮರುದಿನ ಆಪರೇಷನ್ ಆದರೆ, ಕಾರ್ತಿಕ ಹತ್ತುವ ಹೊತ್ತಿಗೆ ಆ 6 ವಾರ ಮುಗಿದಿರುತ್ತದೆ. ನಮಸ್ಕಾರ.