ಪುಲ್ಪುದೇವ ಮೊದಲೋ, ಫಿಲಿಪ್ಪೊಪೊಲಿಸ್ ಮೊದಲೋ?

ಎಲ್ಲರಿಗೂ ನಮಸ್ಕಾರ.

ಬಲ್ಗೇರಿಯಾದ ಎರಡನೇ ದೊಡ್ಡ ಊರು ಪ್ಲೊವ್ದಿವ್. ಮರಿತ್ಸಾ ನದಿಯ ದಡದಲ್ಲಿ, ಗುಡ್ಡಗಳ ನಡುವೆ ಇದೆ. ರೋಮನ್ನರು ಇದನ್ನು 'ತ್ರಿಮೊಂತಿಯುಂ', ಅಂದರೆ ಮೂರು ಗುಡ್ಡಗಳ ಊರು ಎಂದು ಕರೆದರು. ಆ ಹೆಸರಿನ ಬಗ್ಗೆ ಜಗಳವಿಲ್ಲ. ಜಗಳ ಇರುವುದು ಇವತ್ತಿನ ಹೆಸರಿನ ಬಗ್ಗೆ, ಅಂದರೆ ಅದು ಹುಟ್ಟಿದ 'ಪುಲ್ಪುದೇವ' ಎಂಬ ಹಳೆಯ ಹೆಸರಿನ ಬಗ್ಗೆ.

ಮ್ಯಾಸಿಡೋನಿಯಾದ ರಾಜ ಎರಡನೇ ಫಿಲಿಪ್, ಅಲೆಕ್ಸಾಂಡರನ ಅಪ್ಪ, ಕ್ರಿಸ್ತಪೂರ್ವ 342ರ ಹೊತ್ತಿಗೆ ಈ ಜಾಗವನ್ನು ಗೆದ್ದ. ಊರಿಗೆ ತನ್ನ ಹೆಸರನ್ನೇ ಇಟ್ಟ: ಫಿಲಿಪ್ಪೊಪೊಲಿಸ್, ಫಿಲಿಪ್ಪನ ಪಟ್ಟಣ. ಅವನು ಕೆಟ್ಟ ಜನರನ್ನು ತಂದು ಇಲ್ಲಿ ನೆಲೆಗೊಳಿಸಿದ ಎಂಬ ಕಥೆ ಹುಟ್ಟಿ, 'ಪೊನೆರೊಪೊಲಿಸ್', ದುಷ್ಟರ ಪಟ್ಟಣ ಎಂಬ ಅಡ್ಡಹೆಸರೂ ಬಂತು. ಇಲ್ಲಿಯ ಮೂಲ ಜನ ಥ್ರೇಸಿಯನ್ನರು. ಅವರ ಬಾಯಲ್ಲಿ ಊರು ಪುಲ್ಪುದೇವ.

ಕನ್ನಡದ ಕಿವಿಗೆ ಇದರಲ್ಲಿ 'ದೇವ' ಕೇಳಿಸುತ್ತದೆ, ಅಲ್ವಾ? ಅದಕ್ಕೂ ನಮ್ಮ ದೇವರಿಗೂ ಸಂಬಂಧವಿಲ್ಲ. ಅಲ್ಲಿ 'ದೇವ' ಅಂದರೆ ಊರು, ನೆಲೆ. ಡಾನ್ಯೂಬ್ ದಡದ ಸುಕಿದಾವ ಎಂಬ ಹೆಸರಿನಲ್ಲಿರುವ 'ದಾವ' ಕೂಡ ಇದೇ ಮಾತು.

ಹಾಗಾದರೆ ಪುಲ್ಪು ಯಾರು? ಒಂದು ಪಕ್ಷ ಹೇಳುವುದು: ಪುಲ್ಪು ಅಂದರೆ ಫಿಲಿಪ್ಪನೇ, ಥ್ರೇಸಿಯನ್ನರು ಗ್ರೀಕ್ ಹೆಸರನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡರು. ಇನ್ನೊಂದು ಪಕ್ಷ ಹೇಳುವುದು: ಇಲ್ಲ, ಪುಲ್ಪುದೇವ ಫಿಲಿಪ್ಪನಿಗಿಂತ ಹಳೆಯದು, ಅದು ಥ್ರೇಸಿಯನ್ನರದ್ದೇ ಮಾತು.

ಎರಡನೇ ಪಕ್ಷದ ಕೈಯಲ್ಲಿ ಒಂದು ಸಾಕ್ಷಿ ಇದೆ. 6ನೇ ಶತಮಾನದಲ್ಲಿ ಬರೆದ ಯೊರ್ದಾನೆಸ್ ಎಂಬ ಇತಿಹಾಸಕಾರ, ಪುಲ್ಪುದೇವ ಎನ್ನುತ್ತಿದ್ದ ಊರಿಗೆ ರೋಮನ್ ಚಕ್ರವರ್ತಿ ಫಿಲಿಪ್ ತನ್ನ ಹೆಸರಿಟ್ಟ ಎನ್ನುತ್ತಾನೆ. ಆದರೆ ಆ ಚಕ್ರವರ್ತಿ ಆಳಿದ್ದು ಕ್ರಿಸ್ತಶಕ 244ರಿಂದ 249ರವರೆಗೆ. ಫಿಲಿಪ್ಪೊಪೊಲಿಸ್ ಎಂಬ ಹೆಸರು ಅದಕ್ಕೂ ನಾಲ್ಕು ಶತಮಾನ ಮೊದಲೇ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್‌ನ ಬರಹದಲ್ಲಿದೆ. ಯೊರ್ದಾನೆಸ್ ಬೇರೆ ಫಿಲಿಪ್ಪನನ್ನು ಹಿಡಿದುಕೊಂಡಿದ್ದಾನೆ. ಹಾಗಾಗಿ ಯಾವ ಹೆಸರು ಮೊದಲು ಎಂಬ ವಿಷಯದಲ್ಲಿ ಅವನ ಮಾತನ್ನು ನಾನು ನಂಬುವುದಿಲ್ಲ. ಆದರೆ ಪುಲ್ಪುದೇವ ಎಂಬ ಪದವನ್ನು ನಮಗೆ ಉಳಿಸಿಕೊಟ್ಟವನು ಅವನೇ. ಅದಕ್ಕೆ ಅವನಿಗೆ ಋಣಿಯಾಗಿರಬೇಕು.

ನನಗೆ ಮೊದಲ ಪಕ್ಷವೇ ಸರಿ ಅನ್ನಿಸುತ್ತದೆ. ಕಾರಣ ಸದ್ದು. ಆ ಕಾಲದ ಗ್ರೀಕರು ಫಿಲಿಪ್ಪನ ಮೊದಲ ಅಕ್ಷರವನ್ನು ಈಗಿನ ಇಂಗ್ಲಿಷ್ 'ಎಫ್'ನಂತೆ ಹೇಳುತ್ತಿರಲಿಲ್ಲ. ನಮ್ಮ 'ಫಲ'ದ ಫಕಾರದಂತೆ, ಪಕಾರದ ಜೊತೆ ಉಸಿರು ಸೇರಿಸಿ ಹೇಳುತ್ತಿದ್ದರು. ಆ ಉಸಿರು ಬಿಟ್ಟುಹೋದರೆ ಉಳಿಯುವುದು ಬರೀ ಪಕಾರ. ಫಿಲಿಪ್ಪನಿಂದ ಪುಲ್ಪುವಿಗೆ ದಾರಿ ಅಷ್ಟು ದೂರವೇನಲ್ಲ. ಹಿಂದಿನ ಭಾಗವೂ ಹೊಂದುತ್ತದೆ: ಗ್ರೀಕರ 'ಪೊಲಿಸ್' ಇದ್ದಲ್ಲಿ ಥ್ರೇಸಿಯನ್ನರ 'ದೇವ'.

ಇದಕ್ಕಿಂತ ಹಳೆಯ ಹೆಸರು ಒಂದಿತ್ತು ಎನ್ನುವವರೂ ಇದ್ದಾರೆ. 4ನೇ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನುಸ್ ಮಾರ್ಕೆಲ್ಲಿನುಸ್ ಈ ಊರಿನ ಹಳೆಯ ಹೆಸರು ಯೂಮೊಲ್ಪಿಯಾಸ್ ಎಂದು ಬರೆದ. ಪುರಾಣದ ಯೂಮೊಲ್ಪಸ್ ರಾಜನ ಹೆಸರು ಅದು ಎನ್ನುತ್ತಾರೆ. ಚೆಂದದ ಕಥೆ, ಆದರೆ ಇತಿಹಾಸ ಎನ್ನಲು ನನಗೆ ಧೈರ್ಯವಿಲ್ಲ.

6, 7ನೇ ಶತಮಾನಗಳಲ್ಲಿ ಬಾಲ್ಕನ್‌ಗೆ ಬಂದು ನೆಲೆಸಿದ ಸ್ಲಾವರು ಎತ್ತಿಕೊಂಡದ್ದು ರಾಜರ ಕಾಗದದ ಹೆಸರನ್ನಲ್ಲ, ಪುಲ್ಪುದೇವವನ್ನು. ಅವರ ಬಾಯಲ್ಲಿ ಅದು ಸವೆದು ಪ್ಲೊವ್ದಿವ್ ಆಯಿತು. ಗ್ರೀಕರು ಈಗಲೂ ಫಿಲಿಪ್ಪೂಪೊಲಿ ಎನ್ನುತ್ತಾರೆ. ತುರ್ಕರಿಗೆ ಅದು ಫಿಲಿಬೆ. ಆ ಎರಡರಲ್ಲೂ ಫಿಲಿಪ್ಪ ಎದ್ದು ಕಾಣುತ್ತಾನೆ. ಬಲ್ಗೇರಿಯನ್ನರ ಹೆಸರಿನಲ್ಲಿ ಮಾತ್ರ ಅವನನ್ನು ಹುಡುಕಬೇಕು.