ಎಡಗೈಗೆ ಎರಡೇ ಕೀ

ಕೇಳುಗರೆಲ್ಲರಿಗೂ ನಮಸ್ಕಾರ. ಜಾಝ್ ಪಿಯಾನೋದಲ್ಲಿ ಇಂಪ್ರೊವೈಸ್ ಮಾಡುವುದು ಅಂದರೆ ಮನಸ್ಸಿಗೆ ಬಂದದ್ದನ್ನು ಸುಮ್ನೆ ನುಡಿಸುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಕಛೇರಿಯಲ್ಲಿ ಕಲ್ಪನಾಸ್ವರ ಹಾಕುವವರು ಎಲ್ಲೆಲ್ಲಿ ಸುತ್ತಿದರೂ ಎಡುಪಿಗೆ, ಅಂದರೆ ಹಾಡಿನ ಸಾಲು ಶುರುವಾಗುವ ಜಾಗಕ್ಕೆ, ಸರಿಯಾಗಿ ಬಂದು ಸೇರಬೇಕಲ್ವಾ? ಇಲ್ಲೂ ಲೆಕ್ಕ ಇದೆ. ಜೊತೆಗೆ ಕೆಳಗಡೆ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು, ಬದಲಾಗುತ್ತಲೇ ಇರುತ್ತವೆ.

ಕಲಿಯುವುದಕ್ಕೆ ಬ್ಲೂಸ್ ಒಳ್ಳೆಯದು. ಒಂದು ಸುತ್ತಿಗೆ 12 ಬಾರ್, ಅಂದರೆ ತಾಳದ 12 ಭಾಗ, ಬಾರ್‌ಗೆ 4 ಎಣಿಕೆ. ಮೊದಲ 4 ಬಾರ್ ಸಿ ಸೆವೆನ್ ಅನ್ನುವ ಕಾರ್ಡ್, ಆಮೇಲೆ 2 ಎಫ್ ಸೆವೆನ್, ಮತ್ತೆ 2 ಸಿ, ಒಂದು ಜಿ, ಒಂದು ಎಫ್, ಕೊನೆಗೆ 2 ಸಿ. ಮೂರೇ ಕಾರ್ಡ್.

ಕೀಬೋರ್ಡ್ ಹತ್ತಿರದಲ್ಲಿದ್ದರೆ ಅದರ ನಡುವಿನ ಸಿ ಸ್ವರದ ಎಡಗಡೆ ಇರುವ ಇ ಮತ್ತು ಬಿ ಫ್ಲಾಟ್ (ಫ್ಲಾಟ್ ಅಂದರೆ ಒಂದು ಕೀ ಎಡಕ್ಕೆ) ಎರಡನ್ನೂ ಎಡಗೈಯಲ್ಲಿ ಒಟ್ಟಿಗೆ ಒತ್ತಿ. ಅದು ಸಿ ಸೆವೆನ್. ಕಪ್ಪು, ಬಿಳಿ ಎಲ್ಲ ಎಣಿಸಿಕೊಂಡು ಎರಡೂ ಬೆರಳನ್ನು ಒಂದೊಂದು ಕೀ ಎಡಕ್ಕೆ ಸರಿಸಿ: ಇ ಫ್ಲಾಟ್, ಎ. ಎಫ್ ಸೆವೆನ್ ಬಂತು! ಮೊದಲಿನ ಜಾಗದಿಂದ ಒಂದು ಕೀ ಬಲಕ್ಕೆ ಹೋದರೆ ಎಫ್ ಮತ್ತು ಬಿ, ಅದು ಜಿ ಸೆವೆನ್. ಕಾರ್ಡ್‌ಗೆ ಹೆಸರು ಕೊಟ್ಟ ಮೂಲ ಸ್ವರವನ್ನು ನೀವು ನುಡಿಸಬೇಕಾಗಿಲ್ಲ, ಅದನ್ನು ತಗ್ಗು ಸ್ವರದ ಬೇಸ್ ವಾದ್ಯ ನುಡಿಸುವವರು ನೋಡಿಕೊಳ್ಳುತ್ತಾರೆ.

ಬಲಗೈಗೆ ಎಲ್ಲರೂ ಬ್ಲೂಸ್ ಸ್ಕೇಲ್, ಅಂದರೆ ಬ್ಲೂಸ್‌ನ ಸ್ವರಗಳ ಸಾಲು, ಹೇಳಿಕೊಡುತ್ತಾರೆ, ಕಲಿತವರು ಅದನ್ನೇ ಮೇಲೆ ಕೆಳಗೆ ಓಡಿಸುತ್ತಾ ಕೂರುತ್ತಾರೆ. ಕೇಳುವುದಕ್ಕೆ ಬೇಜಾರು. ಸಿ, ಇ ಫ್ಲಾಟ್, ಎಫ್, ಇಷ್ಟರಲ್ಲೇ ಸ್ವಲ್ಪ ದಿನ ಆಡಿ. ಪಿಯಾನೋದಲ್ಲಿ ಗಮಕ ಇಲ್ಲ, ಅದಕ್ಕೆ ಸಿ ಸೆವೆನ್ ಮೇಲೆ ಇ ಫ್ಲಾಟ್‌ನಿಂದ ಪಕ್ಕದ ಇ ಮೇಲೆ ಬೆರಳು ಜಾರಿಸುತ್ತಾರೆ. ಎಫ್ ಸೆವೆನ್ ಬಂದಾಗ ಮಾತ್ರ ಜಾರಬೇಡಿ, ಇ ಫ್ಲಾಟ್‌ನಲ್ಲೇ ನಿಲ್ಲಿ, ಅಲ್ಲಿ ಇ ಕಿವಿಗೆ ಚುಚ್ಚುತ್ತದೆ. 2 ಬಾರ್ ನುಡಿಸಿ, 2 ಬಾರ್ ಬಿಡಿ. ಬ್ಲೂಸ್ ಹಾಡುವವರೂ ಒಂದು ಸಾಲು ಹಾಡಿ ವಾದ್ಯಕ್ಕೆ ಜಾಗ ಬಿಡುತ್ತಾರೆ.

ಇನ್ನೊಂದು ಮಾತು, ಬಾಯಲ್ಲಿ ಹಾಡಿ. ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿದ್ದ ಪಿಯಾನೋ ವಾದಕ ಲೆನ್ನಿ ಟ್ರಿಸ್ಟಾನೋ, ಶಿಷ್ಯರಿಂದ ರೆಕಾರ್ಡಿನ ಸೋಲೋಗಳನ್ನು, ಅಂದರೆ ಒಬ್ಬರೇ ಇಂಪ್ರೊವೈಸ್ ಮಾಡುವ ಭಾಗಗಳನ್ನು, ಮೊದಲು ಹಾಡಿಸುತ್ತಿದ್ದರು, ವಾದ್ಯ ಆಮೇಲೆ. ನೀವು ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಆಲ್ಬಮ್ಮಿನ 'ಫ್ರೆಡ್ಡಿ ಫ್ರೀಲೋಡರ್' ಹಾಕಿಕೊಳ್ಳಿ. ಬಿ ಫ್ಲಾಟ್‌ನಲ್ಲಿದೆ, 12 ಬಾರ್‌ನದೇ, ಸುತ್ತಿನ ಕೊನೆಯ 2 ಬಾರ್‌ನಲ್ಲಿ ಮಾತ್ರ ಎ ಫ್ಲಾಟ್ ಸೆವೆನ್ ಬಂದು ಸ್ವಲ್ಪ ಯಾಮಾರಿಸುತ್ತದೆ. ಮೊದಲ ಸೋಲೋ ವಿಂಟನ್ ಕೆಲ್ಲಿ ಅವರ ಪಿಯಾನೋ. ಅದರ ಜೊತೆ ಗುನುಗುತ್ತಾ ಹೋಗಿ, ಮೂರನೇ ಕಾರ್ಡ್ ಬರುವ 9ನೇ ಬಾರ್ ಬಂದದ್ದು ಬೆರಳು ಮಡಿಸಿ ಎಣಿಸದೇ ಗೊತ್ತಾಗತೊಡಗಿದ ದಿನ ಕೀಬೋರ್ಡ್ ಮುಂದೆ ಕೂರಿ.