ಬಿಲ್ಲಿನ ಕೊನೆಯ ಸಾಲು ನೋಡಿ: ಹೆಸರು ಮಾಡದ ಕಂಪನಿಗಳಲ್ಲಿ ಸಾಫ್ಟ್‌ವೇರ್ ಕೆಲಸ

ನಮಸ್ಕಾರ. ತುಮಕೂರಿನ ಇಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ಎಷ್ಟೋ ಮಂದಿ ಟಿಸಿಎಸ್, ಇನ್ಫೋಸಿಸ್, ವಿಪ್ರೋಗಳಿಂದ ಕರೆ ಬಾರದಿದ್ದರೆ ಈ ಕ್ಷೇತ್ರವೇ ತಮ್ಮದಲ್ಲವೆಂದು ಕೈಚೆಲ್ಲಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರೋಗ್ರಾಂ ಬರೆಯುವವರು ಬೇಕಾಗಿರುವುದು ಐಟಿ ಕಂಪನಿಗಳಿಗೆ ಮಾತ್ರವಲ್ಲ.

[ಪರದೆಯಲ್ಲಿ: ವಸಂತನರಸಾಪುರದಿಂದ ಪೀಣ್ಯದವರೆಗಿನ ಹೆದ್ದಾರಿ ನಕ್ಷೆ]

ವಸಂತನರಸಾಪುರ, ದಾಬಸ್‌ಪೇಟೆ, ಪೀಣ್ಯ: ಈ ಒಂದೇ ಹೆದ್ದಾರಿಯ ಆಸುಪಾಸಿನ ಕಾರ್ಖಾನೆಗಳನ್ನು ಗಮನಿಸಿ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ ಸಂಸ್ಥೆಗಳು ಇತರ ನೋಂದಾಯಿತ ವ್ಯಾಪಾರಿಗಳಿಗೆ ಮಾಡುವ ಮಾರಾಟಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಅಂದರೆ ಕಾರ್ಖಾನೆಯ ಬಿಲ್ಲಿಂಗ್ ವ್ಯವಸ್ಥೆಯಿಂದ ವಿವರಗಳು ಸರ್ಕಾರಿ ಪೋರ್ಟಲ್‌ಗೆ ಹೋಗಿ, ನೋಂದಣಿ ಸಂಖ್ಯೆ ಮತ್ತು ಕ್ಯೂಆರ್ ಕೋಡ್ ಮರಳಿ ಬಂದು ಬಿಲ್ಲಿನಲ್ಲಿ ಮುದ್ರಣವಾಗಬೇಕು. ಅದು ಕೈಕೊಟ್ಟರೆ ಸರಕು ತುಂಬಿದ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಆ ತೊಡಕು ಬಿಡಿಸುವುದು ಅಪ್ಪಟ ಡೆವಲಪರ್ ಕೆಲಸ.

ಇಂಥ ಕೆಲಸ ಮಾಡಿಕೊಡುವ ಸಣ್ಣ ಕಂಪನಿಗಳು ಕ್ಯಾಂಪಸ್‌ಗೆ ಬರುವುದು ಅಪರೂಪ. ಅವುಗಳನ್ನು ಹುಡುಕಲು ನಾನು ಹೇಳುವ ದಾರಿ ಸರಳವಾದದ್ದು. ಔಷಧ ಅಂಗಡಿ, ನರ್ಸಿಂಗ್ ಹೋಂ, ಲಾರಿ ತೂಗುವ ವೇ ಬ್ರಿಡ್ಜ್ ಕೊಡುವ ಚೀಟಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಸಾಫ್ಟ್‌ವೇರ್ ತಯಾರಿಸಿದವರ ಹೆಸರು, ಕೆಲವೊಮ್ಮೆ ಫೋನ್ ನಂಬರ್ ಕೂಡ ಇರುತ್ತದೆ. ನೇರವಾಗಿ ಅವರನ್ನೇ ಸಂಪರ್ಕಿಸಿ. ಬರೀ ರೆಸ್ಯೂಮೆ ಕಳಿಸುವ ಬದಲು, ಸ್ಟಾಕ್ ಲೆಕ್ಕವಿಟ್ಟು ಜಿಎಸ್‌ಟಿ ಬಿಲ್ ಮುದ್ರಿಸುವ ಚಿಕ್ಕ ಅಪ್ಲಿಕೇಶನ್ ಒಂದನ್ನು ಮಾಡಿ ತೋರಿಸಿದರೆ ಮಾಲೀಕರು ಕೂರಿಸಿ ಮಾತನಾಡಿಸುವ ಸಾಧ್ಯತೆ ಹೆಚ್ಚು.

ಸೇರುವ ಮುನ್ನ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ (ಎಂಸಿಎ) ಜಾಲತಾಣದಲ್ಲಿ ಆ ಹೆಸರು ನೋಂದಣಿಯಾಗಿದೆಯೇ ನೋಡಿ. ಪಾಲುದಾರಿಕೆ ಅಥವಾ ಸ್ವಂತ ಮಾಲೀಕತ್ವದ ಸಂಸ್ಥೆಯಾದರೆ ಅದು ಅಲ್ಲಿ ಸಿಗದಿರಬಹುದು, ಆಗ ಜಿಎಸ್‌ಟಿ ಸಂಖ್ಯೆ ಕೇಳಿ ಪರಿಶೀಲಿಸಿ. ತರಬೇತಿಯ ಹೆಸರಿನಲ್ಲಿ ಠೇವಣಿ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂಲ ಅಂಕಪಟ್ಟಿಗಳನ್ನು ಯಾರ ಬಳಿಯೂ ಬಿಡಬೇಡಿ.

ಸಂಬಳ ಮೊದಲಿಗೆ ಕಡಿಮೆಯಿರಬಹುದು. ಅದಕ್ಕಿಂತ ಮುಖ್ಯವೆಂದು ನಾನು ಭಾವಿಸುವ ಪ್ರಶ್ನೆ ಬೇರೆಯಿದೆ: ನಾನು ಬರೆದ ಕೋಡನ್ನು ಓದಿ ತಿದ್ದುವ ಹಿರಿಯರು ಅಲ್ಲಿ ಇದ್ದಾರೆಯೇ? ಸಂದರ್ಶನದಲ್ಲಿ ಸಂಕೋಚಪಡದೆ ಇದನ್ನು ಕೇಳಿ, ಸಾಧ್ಯವಾದರೆ ಆ ಹಿರಿಯರೊಡನೆ ಹತ್ತು ನಿಮಿಷ ಮಾತನಾಡಿಯೇ ಒಪ್ಪಿಗೆ ಕೊಡಿ.